ಹುಣಸೆಹಣ್ಣಿನ ಕಾಗದ

ಮಲ್ಲೇಶ್ವರಂ
24-4-2024

ಗಿರಿಜಕ್ಕನಿಗೆ ಮುನಿಲಕ್ಷ್ಮಿಯ ನಮಸ್ಕಾರ.

ಕಾರವಾರದಿಂದ ಬಂದು ಎರಡು ದಿನವಾಯಿತು. ಸೀರೆ ಕೊಡವಿದರೆ ಇನ್ನೂ ಮರಳು ಉದುರುತ್ತಿದೆ. ಫೋನಿನಲ್ಲೇ ಹೇಳೋಣವೆಂದರೆ ನಿಮ್ಮ ಕಿವಿಯ ಕಥೆ ಗೊತ್ತಲ್ಲ. ಹೋದ ಸಲ ಮೂರು ಬಾರಿ "ಯಾರು? ಯಾರು?" ಎಂದು ಕೂಗಿ ಇಟ್ಟುಬಿಟ್ಟಿರಿ. ಮಲ್ಲೇಶ್ವರದಿಂದ ಚಾಮರಾಜಪೇಟೆಗೆ ಕಾಗದ ಹಾಕುವವಳು ಊರಿಗೆಲ್ಲ ನಾನೊಬ್ಬಳೇ ಎಂದು ಪೋಸ್ಟ್ ಆಫೀಸಿನ ಹುಡುಗಿ ನಗುತ್ತಾಳೆ. ನಕ್ಕರೆ ನಗಲಿ, ನನಗೆ ಅಕ್ಷರ ಕಲಿಸಿದವರು ನೀವು.

ಈ ಬೇಸಿಗೆಗೆ ಎಲ್ಲಿಗಾದರೂ ಹೋಗೋಣವೆಂದು ಸೊಸೆ ಮಾಧವಿ ಹಟ ಹಿಡಿದಿದ್ದಳು. ಇಲ್ಲಿ ಬೋರ್‌ವೆಲ್ ಬತ್ತಿ, ದಿನಾ ಬೆಳಗಾದರೆ ಟ್ಯಾಂಕರ್ ಕಾಯುವುದೇ ಕೆಲಸ. ಅಷ್ಟರಲ್ಲಿ ಮೊಮ್ಮಗಳು ಅಕ್ಷಯಾ ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು. ಕಾರವಾರದ ಸಮುದ್ರದ ದಂಡೆಯ ಮೇಲೆ ಹಳೆಯ ಯುದ್ಧನೌಕೆಯೊಂದನ್ನು ಮ್ಯೂಸಿಯಂ ಮಾಡಿ ನಿಲ್ಲಿಸಿದ್ದಾರೆ. ನೋಡಿದ ಕೂಡಲೇ ನಾನು, "ಅಯ್ಯೋ, ಇದು ನಮ್ಮೆಜಮಾನ್ರ ಹಡಗು ಕಣೇ!" ಎಂದೆ. ನಮ್ಮ ಮನೆಯ ಗೋಡೆಯ ಫೋಟೋದಲ್ಲಿ ಅವರು ಹಡಗಿಗೆ ಬೆನ್ನು ಕೊಟ್ಟು ನಿಂತಿದ್ದಾರಲ್ಲ, ಅದೇ ಮೂತಿ, ಅದೇ ಬಣ್ಣ. ಮಗ ಅನಿಲ ಏನೋ ಹೇಳಲು ಬಾಯಿ ತೆಗೆದ. ನಾನು ಬಿಡಬೇಕಲ್ಲ! ಅವರು ಹೋಗಿ ಮೂರು ವರ್ಷವಾಯಿತು, ಅವರು ಕೆಲಸ ಮಾಡಿದ ಜಾಗವನ್ನು ಒಂದು ಸಲ ಕಣ್ಣಾರೆ ನೋಡದೆ ನಾನು ಸಾಯುವುದಿಲ್ಲ ಎಂದುಬಿಟ್ಟೆ. ನಾಲ್ಕು ಟಿಕೆಟ್ ಬಂತು.

ಅಕ್ಕ, ಹಡಗೆಂದರೆ ನಾನು ದೊಡ್ಡ ಛತ್ರದ ಹಾಗಿರುತ್ತದೆ ಅಂದುಕೊಂಡಿದ್ದೆ. ಒಳಗೆ ಹೋದರೆ ನಮ್ಮ ಹಳೆಯ ವಠಾರದ ಓಣಿಗಿಂತ ಇಕ್ಕಟ್ಟು. ಒಬ್ಬ ನೌಕರ ಬಿಳಿ ಬಟ್ಟೆ ಹಾಕಿಕೊಂಡು ಅಡ್ಡ ನಿಂತಿದ್ದ. "ಸ್ವಲ್ಪ ಜಾಗ ಬಿಡಪ್ಪಾ" ಎಂದೆ. ಕದಲಲಿಲ್ಲ. "ದೊಡ್ಡೋರು ಅಂತ ಒಂಚೂರು ಮರ್ಯಾದೆ ಬೇಡ್ವಾ?" ಎಂದು ಗದರಿಸಿದೆ. ಅಕ್ಷಯಾ ಹೊಟ್ಟೆ ಹಿಡಿದುಕೊಂಡು, "ಅಜ್ಜೀ, ಅದು ಬೊಂಬೆ!" ಎಂದಳು.

ಎಂಜಿನ್ ಇರುವುದು ಕೆಳಗೆ. ಇಳಿಯಲು ನೆಟ್ಟಗೆ ನಿಂತ ಕಬ್ಬಿಣದ ಏಣಿ, ಮೇಲೆ ಒಂದು ಕಿಂಡಿ. ಮಂಡಿ ಬೇಡವೆಂದಿತು, ಮನಸ್ಸು ಕೇಳಲಿಲ್ಲ, ಇಳಿದೆ. ಇಲ್ಲೇ ಅಲ್ಲವೇ ಅವರು ಹಗಲು ರಾತ್ರಿ ಎಣ್ಣೆ ಮೆತ್ತಿಕೊಂಡು ನಿಲ್ಲುತ್ತಿದ್ದುದು ಅನ್ನಿಸಿತು. ಯಾರಿಗೂ ಹೇಳದೆ ಬ್ಯಾಗಿನಲ್ಲಿ ತಂದಿದ್ದ ಅರಿಶಿನ, ಕುಂಕುಮ ತೆಗೆದು ಎಂಜಿನ್ನಿಗೆ ಇಟ್ಟೆ. ಎರಡು ನಿಂಬೆಹಣ್ಣು ಇಟ್ಟೆ. ಕರ್ಪೂರಕ್ಕೆ ಕಡ್ಡಿ ಗೀರುವಷ್ಟರಲ್ಲಿ ಮ್ಯೂಸಿಯಮ್ಮಿನವರು ಓಡಿ ಬಂದರು. ಅವರೂ ನೇವಿಯಲ್ಲಿದ್ದು ರಿಟೈರಾದವರಂತೆ.

"ಅಮ್ಮಾ, ಬೆಂಕಿ ಹಚ್ಬೇಡಿ ಇಲ್ಲಿ!"

"ಇದು ನಮ್ಮೆಜಮಾನ್ರ ಹಡಗು ಕಣಪ್ಪ."

ಅವರು ಅನಿಲನ ಕೈಯಲ್ಲಿದ್ದ ಅವನಪ್ಪನ ಸರ್ವೀಸ್ ಪುಸ್ತಕ ನೋಡಿದರು. ಆಮೇಲೆ ಮೆಲ್ಲಗೆ, "ಇದಲ್ಲಮ್ಮ ಅವರದ್ದು. ಇದೇ ಥರದ್ದು ಇನ್ನೊಂದು. ಅದನ್ನ ಯಾವತ್ತೋ ಒಡೆದು ಹಾಕಿದ್ರು. ಇದು ಅದ್ರ ತಂಗಿ ಅಂದ್ಕೊಳ್ಳಿ" ಎಂದರು.

ನಾಚಿಕೆಯಿಂದ ಸತ್ತುಹೋದೆ. ಸೆರಗಿನಿಂದ ಕುಂಕುಮ ಒರೆಸಲು ಹೋದರೆ ಅವರೇ ತಡೆದರು. "ಇರ್ಲಿ ಬಿಡಿ. ಯಾರೂ ಇಟ್ಟಿರಲಿಲ್ಲ ಇದಕ್ಕೆ. ಕರ್ಪೂರ ಮಾತ್ರ ಹೊರಗೆ ಮರಳಲ್ಲಿ ಹಚ್ಚಿ" ಎಂದರು. ಅವರ ಹೊಟ್ಟೆ ತಣ್ಣಗಿರಲಿ.

ಹತ್ತುವಾಗ ಇನ್ನೊಂದು ಫಜೀತಿ. ಕಿಂಡಿಯಲ್ಲಿ ಒಬ್ಬರು ಸಿಕ್ಕಿಕೊಂಡರೆ ಮುಗಿಯಿತು, ಇನ್ನೊಬ್ಬರು ಕೆಳಗೇ ಇರಬೇಕು. ಅನಿಲ, "ನೀನು ಮೊದ್ಲು ಹತ್ತಮ್ಮ, ನಾನು ಕೆಳಗಿರ್ತೀನಿ" ಎಂದು ನನ್ನ ಪಾದ ಹಿಡಿದು ಒಂದೊಂದೇ ಮೆಟ್ಟಿಲಿಗೆ ಇಡಿಸಿದ. ಐವತ್ತೆರಡು ವರ್ಷದ ಮಗನ ತಲೆಯ ಮೇಲೆ ಕಾಲಿಟ್ಟು ಹತ್ತಿದ ತಾಯಿ ನಾನೇ ಇರಬೇಕು.

ಶುಕ್ರವಾರ ಓಟು ಇದೆಯೆಂದು ಬೇಗ ವಾಪಸು ಬಂದೆವು. ನೀವೂ ಮಗ ರಾಘವನ ಜೊತೆ ಹೋಗಿ ಹಾಕಿ ಬನ್ನಿ. ತಲೆಗೆ ಬಟ್ಟೆ ಮರೆಯಬೇಡಿ, ಬಿಸಿಲು ಜಾಸ್ತಿ.

ನಿಮ್ಮ
ಮುನಿಲಕ್ಷ್ಮಿ


ಚಾಮರಾಜಪೇಟೆ
3-5-2024

ಚಿ. ಮುನಿಲಕ್ಷ್ಮಿಗೆ,

ನಿನ್ನ ಪತ್ರವನ್ನು ರಾಘವನಿಗೂ ಅವನ ಹೆಂಡತಿಗೂ ಓದಿ ಹೇಳಿದೆ. ಬೊಂಬೆಗೆ ಮರ್ಯಾದೆಯ ಪಾಠ ಹೇಳಿದ ಭಾಗಕ್ಕೆ ರಾಘವ ಕಾಫಿ ಚೆಲ್ಲಿಕೊಂಡ. ಸರ್ಕಾರಿ ಹಡಗಿನ ಹೊಟ್ಟೆಯೊಳಗೆ ಕರ್ಪೂರ ಹಚ್ಚಲು ಹೊರಟ ನಿನ್ನ ಧೈರ್ಯಕ್ಕೆ ಏನು ಹೇಳಲಿ? ಮೇಷ್ಟರ ಕೆಲಸದಲ್ಲಿ ಮೂವತ್ತಾರು ವರ್ಷ ಕಳೆದೆ, ನಿನ್ನಷ್ಟು ತಲೆಹರಟೆ ಶಿಷ್ಯೆ ಇನ್ನೊಬ್ಬಳು ಸಿಗಲಿಲ್ಲ.

ಬೇಗ ಬರೆಯಬೇಕೆಂದಿದ್ದೆ, ಆಗಲಿಲ್ಲ. ಒಂದು ಮಾತು ಕೇಳಬೇಕು. ಆ ಏಣಿಯಲ್ಲಿ ಒಂದು ಸಲಕ್ಕೆ ಒಬ್ಬರೇ ಹತ್ತಬಹುದೆಂದು ಬರೆದಿದ್ದೀಯ. ನಿಜವಾಗಿಯೂ ಇಬ್ಬರು ಒಟ್ಟಿಗೆ ಬರಲು ಸಾಧ್ಯವೇ ಇಲ್ಲವೇ? ಅನಿಲನನ್ನು ಸರಿಯಾಗಿ ಕೇಳಿ ತಿಳಿಸು. ಮತ್ತೆ, ಎಂಜಿನ್ನಿಗೆ ಎರಡು ನಿಂಬೆಹಣ್ಣು ಏಕೆ ಇಟ್ಟೆ? ಒಂದು ಸಾಲದೇ?

ಯಾಕೆ ಕೇಳುತ್ತಿದ್ದೇನೆಂದು ಈಗ ಕೇಳಬೇಡ.

ಓಟು ಹಾಕಿದೆ. ಬಟ್ಟೆ ಮರೆತೆ.

ಆಶೀರ್ವಾದಗಳೊಂದಿಗೆ,
ಗಿರಿಜಾಂಬಾ


ಮಲ್ಲೇಶ್ವರಂ
11-5-2024

ಗಿರಿಜಕ್ಕನಿಗೆ,

ಇದೆಂಥ ಪರೀಕ್ಷೆ ಅಕ್ಕ? ಈ ವಯಸ್ಸಿನಲ್ಲಿ ಹಡಗಿನ ಏಣಿಯ ಅಳತೆ ಕಟ್ಟಿಕೊಂಡು ಏನು ಮಾಡುತ್ತೀರಿ? ಕೇಳಬೇಡ ಎಂದಿರಿ, ಸರಿ, ಕೇಳುವುದಿಲ್ಲ.

ಅನಿಲನ ಉತ್ತರ: ಇಲ್ಲವೇ ಇಲ್ಲ. ಒಬ್ಬರ ಭುಜ ತೂರುವುದೇ ಕಷ್ಟ. "ಗಿರಿಜಮ್ಮೋರು ಯಾಕಂತೆ ಕೇಳಿದ್ದು?" ಎಂದ. ಹಡಗು ಕಟ್ಟುತ್ತಾರಂತೆ, ನಿನಗೇನು ಎಂದೆ.

ಎರಡು ನಿಂಬೆಹಣ್ಣಿನ ಲೆಕ್ಕ ನನಗೂ ಗೊತ್ತಿಲ್ಲ. ಅವರು ನೇವಿ ಬಿಟ್ಟು ಬಂದು ಕಾರ್ಖಾನೆಗೆ ಸೇರಿದ ಮೇಲೆ ಪ್ರತಿ ಆಯುಧಪೂಜೆಗೂ ಸ್ಕೂಟರಿಗೆ ಒಂದು ನಿಂಬೆಹಣ್ಣು ಇಡುತ್ತಿದ್ದರು. ಇನ್ನೊಂದನ್ನು ಹಿತ್ತಲ ಬಾವಿಕಟ್ಟೆಯ ಮೇಲೆ ಇಟ್ಟು, ಒಬ್ಬರೇ ಕರ್ಪೂರ ಹಚ್ಚಿ ಕೈಮುಗಿಯುತ್ತಿದ್ದರು. ಹೊಸದರಲ್ಲಿ ಕೇಳಿದೆ. "ಹಡಗಿಗೆ" ಎಂದರು. ಹಡಗಿನ ವಿಷಯ ಅವರು ಆಡಿದ್ದೇ ಅಷ್ಟು. ನಾನೂ ಬಿಟ್ಟೆ. ಕಾರವಾರದಲ್ಲಿ ಅವರಿಟ್ಟ ಹಾಗೆಯೇ ನಾನೂ ಎರಡಿಟ್ಟೆ.

ಅಕ್ಕ, ನೀವು ಚೆನ್ನಾಗಿದ್ದೀರಿ ತಾನೇ? ನಿಮ್ಮ ಕೈಬರಹ ಈ ಸಲ ಸ್ವಲ್ಪ ಓಲಾಡಿದೆ.

ನಿಮ್ಮ
ಮುನಿಲಕ್ಷ್ಮಿ


ಚಾಮರಾಜಪೇಟೆ
28-5-2024

ಮುನಿಲಕ್ಷ್ಮಿ,

ಕುಳಿತುಕೊಂಡು ಓದು. ಪಕ್ಕದಲ್ಲಿ ಮಾಧವಿ ಇದ್ದರೆ ಒಳ್ಳೆಯದು.

ಈ ಕವರಿನೊಳಗೆ ಇನ್ನೊಂದು ಅಂಟಿಸಿದ ಕವರಿದೆ. ಅದರಲ್ಲಿರುವುದು ನಿನ್ನ ಗಂಡ ನಿನಗೆ 1971ರ ಡಿಸೆಂಬರಿನಲ್ಲಿ ಬರೆದ ಕಾಗದ. ಐವತ್ತೆರಡು ವರ್ಷ ಅದು ನನ್ನ ಹತ್ತಿರ ಇತ್ತು. ಕದ್ದೆ ಎಂದೇ ತಿಳಿದುಕೋ.

ಆಗ ನಿನಗೆ ಓದು ಬರುತ್ತಿರಲಿಲ್ಲ. ವಠಾರದಲ್ಲಿ ಪಕ್ಕದ ಮನೆಯ ನಾನು ನಿನ್ನ ಕಾಗದ ಓದುವವಳು. ಅಂಚೆಯವನೂ ನೇರವಾಗಿ ನನ್ನ ಕೈಗೇ ಕೊಡುತ್ತಿದ್ದ. ಅದಕ್ಕೂ ಒಂದು ವರ್ಷ ಮೊದಲು ನಿಮ್ಮ ಊರಿಂದ ತಂತಿ ಬಂದದ್ದು ನೆನಪಿದೆಯಲ್ಲ? ನೀನು ಐದು ತಿಂಗಳ ಬಸುರಿ. ನನಗೆ ಇಪ್ಪತ್ತೆರಡು, ಟೀಚರ್ಸ್ ಟ್ರೈನಿಂಗಿನ ಜಂಬ ಬೇರೆ. ನಿನ್ನ ಅಣ್ಣ ತೀರಿಹೋದ ಸುದ್ದಿಯನ್ನು ನಲ್ಲಿಯ ಹತ್ತಿರ ನಿಂತಲ್ಲೇ ಗಟ್ಟಿಯಾಗಿ ಓದಿಬಿಟ್ಟೆ. ಮೂರನೆಯ ದಿನ ನಿನ್ನ ಮಗು ಉಳಿಯಲಿಲ್ಲ. ನೀನು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ನಿನ್ನ ಅತ್ತೆ, "ಆ ಹುಡ್ಗಿ ಬಾಯಲ್ಲಿ ಯಮ ಇದಾನೆ" ಎಂದದ್ದು ನನಗೆ ಕೇಳಿಸಿತ್ತು.

ಮರುವರ್ಷ ಯುದ್ಧ. ನೀನು ಎಂಟು ತಿಂಗಳ ಬಸುರಿ. ಆ ಕಾಗದ ಬಂದಾಗ, ಮೊದಲು ನಾನೊಬ್ಬಳೇ ಮನಸ್ಸಿನಲ್ಲಿ ಓದಿಕೊಂಡೆ. ಅವರ ಹಡಗಿನ ಎಂಜಿನ್ ಕೋಣೆಗೆ ಬೆಂಕಿ ಹತ್ತಿತ್ತು. ಕೆಳಗಿದ್ದವರು ಇಬ್ಬರು, ನಿನ್ನ ಯಜಮಾನರು ಮತ್ತು ಗದಗದ ಕಡೆಯ ಬಸವಪ್ರಭು ಎಂಬ ಹುಡುಗ. ಇದ್ದದ್ದು ಒಂದೇ ಏಣಿ. ಆ ಹುಡುಗ ಇವರನ್ನು ಮುಂದೆ ತಳ್ಳಿ, "ಮೊದಲ ನೀ ಹತ್ತೋ, ನಿನ್ನ ಹೇಣ್ತಿ ಬಸುರಿ ಅದಾಳ" ಎಂದನಂತೆ. ಇವರು ಮೇಲೆ ಬಂದರು. ಅವನು ಬರಲಿಲ್ಲ. ಗಂಡು ಮಗುವಾದರೆ ಬಸವಪ್ರಭು ಎಂದು ಹೆಸರಿಡು ಎಂದು ಬರೆದಿದ್ದರು.

ನೀನು ಜಗಲಿಯ ಮೇಲೆ ಸೊಪ್ಪು ಬಿಡಿಸುತ್ತಾ ಕಾಯುತ್ತಿದ್ದೆ. ನಾನು ಅದನ್ನು ಕುಪ್ಪಸದಲ್ಲಿ ಸಿಕ್ಕಿಸಿಕೊಂಡು, ನಿನ್ನ ಗೂಡಿನಲ್ಲಿದ್ದ ಅಕ್ಟೋಬರಿನ ಹಳೆಯ ಕಾಗದ ತೆಗೆದು ಅದನ್ನೇ ಮತ್ತೆ ಓದಿದೆ. ಸೊಳ್ಳೆ ಕಾಟ, ಸಾರಿಗೆ ಒಳ್ಳೆಯ ಹುಣಸೆಹಣ್ಣು ಸಿಗುವುದಿಲ್ಲ, ಎಲ್ಲ ಅದೇ. "ಹೋದ್ ಸಲಾನೂ ಹುಣಸೆಹಣ್ಣು ಅಂತಾನೇ ಬರ್ದಿದ್ರಲ್ಲಕ್ಕ?" ಎಂದೆ ನೀನು. "ಹಡಗಲ್ಲಿ ಇನ್ನೇನಿರತ್ತೆ ಬರೆಯೋಕೆ" ಎಂದೆ ನಾನು. ನೀನು ನಕ್ಕೆ.

ಜನವರಿಯಲ್ಲಿ ಮಗು ಹುಟ್ಟಿತು. ಅನಿಲ್ ಕುಮಾರ್ ಎಂದು ಹೆಸರಾಯಿತು. ಮಾರ್ಚಿನಲ್ಲಿ ಅವರು ರಜೆಗೆ ಬಂದವರು ಒಂದು ದಿನ ಬಾವಿಯ ಹತ್ತಿರ ನನ್ನನ್ನು ಕೇಳಿದರು: "ಟೀಚರಮ್ಮ, ಡಿಸೆಂಬರಲ್ಲಿ ನಂದೊಂದು ಕಾಗದ ಬಂದಿತ್ತಾ?" ಇಲ್ಲ ಎಂದೆ. ಬಾವಿಗೆ ಹಗ್ಗ ಇಳಿಬಿಡುತ್ತಾ, "ಒಳ್ಳೇದಾಯ್ತು ಬಿಡಿ" ಎಂದರು. ಹೆರಿಗೆಯಾಗಿ ನೀನು ಗಟ್ಟಿಯಾದ ಮೇಲೆ ಕೊಡಬೇಕೆಂದೇ ಇಟ್ಟುಕೊಂಡಿದ್ದೆ. ಇಲ್ಲ ಎಂದು ಸುಳ್ಳು ಹೇಳಿದ ಮೇಲೆ ಹೇಗೆ ಕೊಡಲಿ? ವರ್ಷ ಕಳೆದಷ್ಟೂ ಬಾಯಿ ಬರಲಿಲ್ಲ.

ಅನಿಲ "ನೀನು ಮೊದ್ಲು ಹತ್ತಮ್ಮ" ಎಂದದ್ದನ್ನು ನೀನು ಬರೆದಿದ್ದೆ. ಅದನ್ನು ಓದಿದ ಮೇಲೆ ನನಗೆ ಇದನ್ನು ಇಟ್ಟುಕೊಳ್ಳಲು ಆಗಲಿಲ್ಲ. ಯಾರದೋ ಪ್ರಾಣ ಹೋದ ಸುದ್ದಿ, ಒಬ್ಬ ತಂದೆ ಮಗನಿಗೆ ಇಟ್ಟ ಹೆಸರು, ಎರಡನ್ನೂ ನಾನು ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟೆ. ಅವರು ಬದುಕಿರುವಾಗಲಾದರೂ ಹೇಳಬೇಕಿತ್ತು. ನನ್ನದು ತಪ್ಪಾಯಿತು. ಕ್ಷಮಿಸು ಎಂದು ಕೇಳಲೂ ನಾಚಿಕೆಯಾಗುತ್ತದೆ.

ನೀನು ಇನ್ನು ಬರೆಯದಿದ್ದರೆ ನನಗೆ ಅರ್ಥವಾಗುತ್ತದೆ.

ಗಿರಿಜಾಂಬಾ


ಚಾಮರಾಜಪೇಟೆ
22-6-2024

ಮುನಿಲಕ್ಷ್ಮಿ,

ಪತ್ರ ತಲುಪಿತೋ ಇಲ್ಲವೋ ಎಂದಷ್ಟೇ ಕೇಳುತ್ತಿದ್ದೇನೆ. ಬೇರೆ ಏನೂ ಬರೆಯಬೇಡ. ತಲುಪಿದರೆ ಒಂದು ಖಾಲಿ ಕಾರ್ಡು ಹಾಕು, ಸಾಕು. ಗೇಟಿನ ಸದ್ದು ನನಗೆ ಕೇಳಿಸುವುದಿಲ್ಲವಾದ್ದರಿಂದ ಅಂಚೆಯ ಹೊತ್ತಿಗೆ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ರಾಘವ ಬೈಯುತ್ತಾನೆ.

ಗಿರಿಜಾಂಬಾ


ಮಲ್ಲೇಶ್ವರಂ
6-7-2024

ನನ್ನ ಗಿರಿಜಕ್ಕನಿಗೆ,

ಮೊದಲು ಬಾಗಿಲಿನ ಕುರ್ಚಿಯಿಂದ ಏಳಿ. ಚಾಮರಾಜಪೇಟೆಯ ಸೊಳ್ಳೆಗಳೆಲ್ಲ ನಿಮ್ಮ ಕಾಲಿಗೇ ಬಂದಿರುತ್ತವೆ.

ಕಾಗದ ತಲುಪಿತು. ಸುಳ್ಳು ಹೇಳುವುದಿಲ್ಲ, ನಿಮ್ಮ ಮೇಲೆ ಸಿಟ್ಟು ಬಂತು. ಇಪ್ಪತ್ತು ದಿನ ನಿಮ್ಮ ಹೆಸರೆತ್ತಲಿಲ್ಲ. "ಗಿರಿಜಮ್ಮೋರಿಗೆ ಕಾಗ್ದ ಹಾಕಿದ್ರಾ ಅತ್ತೆ?" ಎಂದು ಮಾಧವಿ ಕೇಳಿದ್ದಕ್ಕೆ ಸೌಟು ಎಸೆದೆ. ಪಾಪ, ಅವಳಿಗೇನು ಗೊತ್ತು? ಮಗುವಿನ ಹೆಸರು ತಪ್ಪಿತೆಂದು ಬಂದ ಸಿಟ್ಟಲ್ಲ ಅಕ್ಕ. ಆ ಮನುಷ್ಯ ನನ್ನ ಪಕ್ಕದಲ್ಲೇ ಮಲಗಿ, ನನ್ನ ಕೈಯ ಮುದ್ದೆ ಉಂಡು, ಐವತ್ತು ವರ್ಷ ಇದನ್ನು ಒಬ್ಬರೇ ಹೊತ್ತುಕೊಂಡಿದ್ದರಲ್ಲ, ಅದಕ್ಕೆ. ಗೊತ್ತಿದ್ದರೆ ಆ ಬಾವಿಕಟ್ಟೆಯ ಹತ್ತಿರ ನಾನೂ ಹೋಗಿ ಪಕ್ಕದಲ್ಲಿ ನಿಲ್ಲುತ್ತಿದ್ದೆ.

ನನಗೆ ಈಗ ಒಂದು ನೆನಪಾಗುತ್ತದೆ. ರಜೆಗೆ ಬಂದ ದಿನ ಮಗುವನ್ನು ಎತ್ತಿಕೊಂಡು, "ಏನ್ ಹೆಸರಿಟ್ರಿ?" ಎಂದರು. ಹೇಳಿದೆ. "ಚೆನ್ನಾಗೈತೆ" ಎಂದು ಹಿತ್ತಲಿಗೆ ಹೋಗಿ ತುಂಬಾ ಹೊತ್ತು ಮುಖ ತೊಳೆದರು. ರೈಲಿನ ಧೂಳು ಅಂದುಕೊಂಡಿದ್ದೆ. ಅನಿಲನನ್ನು ಸಾಯುವವರೆಗೂ "ಮಗಾ" ಎಂದೇ ಕರೆದರು, ಹೆಸರು ಹಿಡಿದದ್ದು ನಾನು ಕೇಳಿಲ್ಲ.

ಹೋದ ಭಾನುವಾರ ಅನಿಲನನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ಅವನು ಅಪ್ಪನ ಫೋಟೋದ ಮುಂದೆ ಹೋಗಿ ನಿಂತ. "ಅಮ್ಮ, ನೀನು ಹತ್ತುವಾಗ ನಾನು ಕೆಳಗೆ ನಿಂತಿದ್ನಲ್ಲ, ಮೇಲೆ ನೋಡಿದ್ರೆ ಅಂಗೈಯಗಲ ಬೆಳಕು ಕಾಣ್ತಿತ್ತು ಅಷ್ಟೆ" ಎಂದ. ಆಮೇಲೆ ಅತ್ತ. ನಾನೂ ಅತ್ತೆ. ಮಾಧವಿ ಇಬ್ಬರಿಗೂ ಕಾಫಿ ತಂದುಕೊಟ್ಟು ತಾನೂ ಅತ್ತಳು. ಅಕ್ಷಯಾ ಮಾತ್ರ, "ಹಾಗಾದ್ರೆ ಪಪ್ಪ, ಗಿರಿಜಜ್ಜಿ ಆ ಲೆಟರ್ ಓದಿದ್ರೆ ನೀನೇ ಇರ್ತಿರ್ಲಿಲ್ಲ, ನಾನೂ ಇಲ್ಲ!" ಎಂದಳು.

ಮಗುವಿನ ಬಾಯಲ್ಲಿ ಬಂದ ಮಾತು ನನಗೆ ಹೊಳೆದಿರಲಿಲ್ಲ ನೋಡಿ.

ಅಕ್ಕ, ಮೊದಲನೆಯ ಮಗು ಹೋದದ್ದು ನಿಮ್ಮಿಂದ ಅಲ್ಲ. ನನ್ನ ಅತ್ತೆ ಅಂದದ್ದನ್ನು ನೀವು ಐವತ್ತು ವರ್ಷ ಮನಸ್ಸಿನಲ್ಲಿಟ್ಟುಕೊಂಡಿರಿ, ನಾನು ಆವತ್ತೇ ಬಾಯಿ ಬಿಟ್ಟು ಅಲ್ಲ ಎನ್ನಬೇಕಿತ್ತು. ಅದು ನನ್ನ ತಪ್ಪು. ಎರಡನೆಯದು ಉಳಿದದ್ದು ಮಾತ್ರ ಖಂಡಿತ ನಿಮ್ಮಿಂದ. ಆ ಕಾಗದ ಆವತ್ತು ನನ್ನ ಕಿವಿಗೆ ಬಿದ್ದಿದ್ದರೆ ನಾನು ತಡೆಯುತ್ತಿರಲಿಲ್ಲ, ನನಗೆ ಗೊತ್ತು. ಏಣಿಯ ಕೆಳಗೆ ನಿಂತವನೊಬ್ಬ, ಕಾಗದ ಮುಚ್ಚಿಟ್ಟವರೊಬ್ಬರು, ಇಬ್ಬರೂ ಸೇರಿ ನನ್ನ ಮಗನನ್ನು ನನಗೆ ಕೊಟ್ಟಿರಿ. ಅವನಿಗೆ ಕೈಮುಗಿಯಲು ಅವನಿಲ್ಲ. ನೀವಿದ್ದೀರಿ. ಇಲ್ಲಿಂದಲೇ ನಿಮ್ಮ ಕಾಲಿಗೆ ಬೀಳುತ್ತಿದ್ದೇನೆ, ಮಂಡಿಯನ್ನೂ ಲೆಕ್ಕಿಸದೆ.

ಅನಿಲ ಕಾರವಾರದ ಮ್ಯೂಸಿಯಮ್ಮಿನವರಿಗೆ ಬರೆದು, ಬಸವಪ್ರಭುವಿನ ಮನೆಯವರು ಯಾರಾದರೂ ಇದ್ದಾರೆಯೇ ಎಂದು ಕೇಳಿದ್ದಾನೆ. ಸಿಕ್ಕರೆ ನಾವೆಲ್ಲ ಗದಗಿಗೆ ಹೋಗುತ್ತೇವೆ, ನೀವೂ ಬರಬೇಕು. ಸಿಗದಿದ್ದರೂ ಈ ಆಯುಧಪೂಜೆಗೆ ಎರಡನೆಯ ನಿಂಬೆಹಣ್ಣನ್ನು ಹೆಸರು ಹೇಳಿಯೇ ಇಡುತ್ತೇವೆ.

ಇನ್ನೊಂದು ವಿಷಯ. ನೀವು ಕಳಿಸಿದ ಒಳಗಿನ ಕವರನ್ನು ನಾನು ಒಡೆದಿಲ್ಲ. ದೇವರ ಮುಂದೆ ಇಟ್ಟಿದ್ದೇನೆ. ಅನಿಲ, "ನಿಂಗೆ ಓದೋಕೆ ಬರತ್ತಲ್ಲಮ್ಮ, ಓದು" ಎನ್ನುತ್ತಾನೆ. ಬರುತ್ತದೆ, ನೀವೇ ಕಲಿಸಿದ್ದೀರಿ. ಆದರೆ ಅವರು ಅದನ್ನು ಬರೆದಾಗ, ಗಿರಿಜಕ್ಕ ಓದುತ್ತಾರೆ, ಮುನಿಲಕ್ಷ್ಮಿ ಕೇಳುತ್ತಾಳೆ ಎಂದುಕೊಂಡೇ ಬರೆದಿರುತ್ತಾರೆ. ಹಾಗೆಯೇ ಆಗಲಿ. ನಿಮಗೆ ಕಿವಿ ಕೇಳದಿದ್ದರೇನು, ಬಾಯಿ ಇದೆಯಲ್ಲ.

ಬರುವ ಶನಿವಾರ ಅಕ್ಷಯಾಳ ಜೊತೆ ಬರುತ್ತಿದ್ದೇನೆ. ಸಂಪಿಗೆ ರೋಡಿನಲ್ಲಿ ಮೆಟ್ರೋ ಹತ್ತಿ ಮಾರ್ಕೆಟ್ಟಿನಲ್ಲಿ ಇಳಿದರೆ ಅಲ್ಲಿಂದ ಆಟೋ. ಜಗಲಿ ಇಲ್ಲದಿದ್ದರೆ ಬೇಡ, ನಿಮ್ಮ ಆ ಬಾಗಿಲಿನ ಕುರ್ಚಿಯ ಪಕ್ಕ ಇನ್ನೊಂದು ಕುರ್ಚಿ ಹಾಕಿಸಿ. ಬಿಡಿಸಲು ಸೊಪ್ಪು ನಾನೇ ತರುತ್ತೇನೆ.

ಅಕ್ಟೋಬರಿನ ಆ ಹುಣಸೆಹಣ್ಣಿನ ಕಾಗದವನ್ನು ಮಾತ್ರ ಇಲ್ಲೇ ಬೀರುವಿನಲ್ಲಿಟ್ಟು ಬೀಗ ಹಾಕಿ ಬರುತ್ತೇನೆ. ನಿಮ್ಮನ್ನು ನಂಬುವುದು ಹೇಗೆ?

ಈ ಸಲ ಒಂದು ಸಾಲನ್ನೂ ಬಿಡಬೇಡಿ, ಅಕ್ಕ. ನಾನು ಗಟ್ಟಿಯಾಗಿದ್ದೇನೆ.

ನಿಮ್ಮ
ಮುನಿಲಕ್ಷ್ಮಿ